ಲೆಕ್ಕ ಒಪ್ಪಿಸುವ ಕಾಲ

ಜೂನ್ 14, 2025, ಶನಿವಾರ

ಫಾರ್ಮ್ 16 ಕೈಗೆ ಬಂತು. ಕೊಡಲು ಕೊನೆಯ ದಿನ ನಾಳೆ, ಭಾನುವಾರ. ಗುಮಾಸ್ತರು ಇವತ್ತೇ ಎಲ್ಲರಿಗೂ ಹಂಚಿ ಮುಗಿಸಿದರು.

ರಾತ್ರಿ ಊಟವಾದ ಮೇಲೆ ಹೊಸ, ಹಳೆಯ ಎರಡೂ ತೆರಿಗೆ ಪದ್ಧತಿಯಲ್ಲಿ ಲೆಕ್ಕ ಹಾಕಿದೆ. ವರ್ಷದ ಸಂಬಳ 9,60,000. ಹೊಸ ಪದ್ಧತಿಯಲ್ಲಿ 75,000ದ ಪ್ರಮಾಣಿತ ಕಡಿತ ಕಳೆದರೆ 8,85,000 ಉಳಿಯುತ್ತದೆ. ಮೊದಲ ಮೂರು ಲಕ್ಷಕ್ಕೆ ತೆರಿಗೆ ಇಲ್ಲ, ಏಳು ಲಕ್ಷದವರೆಗೆ ಶೇ. 5, ಅದರ ಮೇಲಿನದಕ್ಕೆ ಶೇ. 10. ಶೇ. 4 ಸೆಸ್ ಸೇರಿ 40,040 ರೂಪಾಯಿ. ಹಳೆಯ ಪದ್ಧತಿಯಲ್ಲಿ ಅದೇ ಕಡಿತದ 50,000, ವೃತ್ತಿ ತೆರಿಗೆಯ 2,400, ಕೆಜಿಐಡಿ, ಜಿಪಿಎಫ್, ಎಲ್‌ಐಸಿ ಸೇರಿ 80ಸಿಯ ಪೂರ್ತಿ ಒಂದೂವರೆ ಲಕ್ಷ ಕಳೆದರೂ ತೆರಿಗೆ 66,580. ವಾಸ ಸ್ವಂತ ಮನೆಯಲ್ಲಿ, ಹಾಗಾಗಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ. ನನಗೆ ಹೊಸ ಪದ್ಧತಿಯೇ ಸರಿ. ಬಾಡಿಗೆ ಮನೆಯಲ್ಲಿದ್ದು, ಗೃಹಸಾಲದ ಕಂತನ್ನೂ ಕಟ್ಟುವವರಿಗೆ ಉತ್ತರ ಬೇರೆಯೇ ಬರಬಹುದು. ಒಬ್ಬರ ಲೆಕ್ಕ ನೋಡಿ ಇನ್ನೊಬ್ಬರು ಆಯ್ಕೆ ಮಾಡುವ ವಿಷಯವಲ್ಲ ಇದು.

ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಒಬ್ಬರು, "ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಅಂದಿದ್ದಾರಲ್ಲ ಮೇಡಂ, ಮತ್ಯಾಕೆ ರಿಟರ್ನ್?" ಅಂದರು. ಆ ರಿಯಾಯಿತಿ 2025ರ ಏಪ್ರಿಲ್‌ನಿಂದ ದುಡಿದ ಹಣಕ್ಕೆ. ಈಗ ಸಲ್ಲಿಸುತ್ತಿರುವುದು ಮಾರ್ಚ್ 31ಕ್ಕೆ ಮುಗಿದ ವರ್ಷದ್ದು. ಅದಕ್ಕೆ ಮಿತಿ ಏಳು ಲಕ್ಷ. ಇನ್ನೊಂದು ಮಾತನ್ನೂ ಹೇಳಿದೆ: ತೆರಿಗೆ ಸೊನ್ನೆಯಾಯಿತು ಎಂದ ಮಾತ್ರಕ್ಕೆ ರಿಟರ್ನ್ ತಪ್ಪುವುದಿಲ್ಲ.

ಜೂನ್ 22, ಭಾನುವಾರ

ಅಮ್ಮನ ಕಾಗದಗಳನ್ನು ಮುಂದಿಟ್ಟುಕೊಂಡು ಕೂತೆ. ಅಪ್ಪ ಹೋದ ಮೇಲೆ ಬರುತ್ತಿರುವ ಕುಟುಂಬ ಪಿಂಚಣಿ ವರ್ಷಕ್ಕೆ 2,40,000. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇದೆ, ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ 30,750 ಬರುತ್ತದೆ. ಬ್ಯಾಂಕಿನ ಠೇವಣಿಯ ಬಡ್ಡಿ 1,07,000. ಎರಡೂ ಕಡೆ ಬಡ್ಡಿಯಲ್ಲಿ ಶೇ. 10 ತೆರಿಗೆ ಹಿಡಿದಿದ್ದಾರೆ. ಒಟ್ಟು 23,000.

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅಮ್ಮನ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಹೇಳಿಕೆ, ತೆರೆದೆ. ಯಾವ ಶಾಖೆಯಿಂದ ಎಷ್ಟು ಬಡ್ಡಿ ಬಂತು, ಎಷ್ಟು ಹಿಡಿದರು ಎಂಬುದೆಲ್ಲ ಅವರ ಪ್ಯಾನ್ ಸಂಖ್ಯೆಯ ಕೆಳಗೆ ಸಾಲಾಗಿ ಇತ್ತು. ಒಂದೊಂದನ್ನೇ ಪಾಸ್‌ಬುಕ್ಕಿಗೆ ಹೋಲಿಸಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ತೆರಿಗೆ ಕಡಿತದ ಪಟ್ಟಿಯಾದ 26ಎಎಸ್‌ನಲ್ಲೂ ಅದೇ 23,000 ಇದೆ.

ಅಮ್ಮ ಕನ್ನಡಕ ಏರಿಸಿ ನೋಡಿ, "ನನಗೆ ತೆರಿಗೆನೇ ಇಲ್ಲ ಅಂತೀಯ. ಮತ್ತೆ ದುಡ್ಡು ಯಾಕೆ ಹಿಡಿದ್ರು?" ಎಂದು ಕೇಳಿದರು. ಎಷ್ಟು ಸರಿಯಾದ ಪ್ರಶ್ನೆ! ಬ್ಯಾಂಕಿಗೆ ಗೊತ್ತಿರುವುದು ತನ್ನಲ್ಲಿರುವ ಠೇವಣಿ ಮಾತ್ರ, ಅಂಚೆ ಕಚೇರಿಗೆ ತನ್ನದು ಮಾತ್ರ. ಬಡ್ಡಿ ಮಿತಿ ದಾಟಿದರೆ ಇಬ್ಬರೂ ಹಿಡಿಯುತ್ತಾರೆ. ಪಿಂಚಣಿ, ಬಡ್ಡಿ, ವಿನಾಯಿತಿ ಎಲ್ಲ ಸೇರಿಸಿ "ನನ್ನ ಪೂರ್ತಿ ಆದಾಯ ಇಷ್ಟು" ಎಂದು ಹೇಳುವ ಜಾಗ ರಿಟರ್ನ್ ಒಂದೇ. ಆ ಮಾತನ್ನು ಅಮ್ಮನೇ ಹೇಳಬೇಕು.

ಜುಲೈ 6, ಭಾನುವಾರ

ಇಬ್ಬರದೂ ಸಲ್ಲಿಸಿ ಆಯಿತು. ಎರಡೂ ಐಟಿಆರ್-1, ಅಂದರೆ ಸಹಜ್.

ಅಮ್ಮನ ಕುಟುಂಬ ಪಿಂಚಣಿ ಸಂಬಳದ ಕಲಮಿಗೆ ಸೇರುವುದಿಲ್ಲ, "ಇತರ ಮೂಲಗಳು" ಎಂಬಲ್ಲಿ ಬರುತ್ತದೆ. ಅದರಲ್ಲಿ ಹೊಸ ಪದ್ಧತಿಯಂತೆ 25,000 ಕಳೆದು ಬಡ್ಡಿ ಸೇರಿಸಿದರೆ 4,45,000. ತೆರಿಗೆ 7,250, 87ಎ ರಿಯಾಯಿತಿಯಲ್ಲಿ ಅದೂ ಸೊನ್ನೆ. ಹಿಡಿದ 23,000 ಪೂರ್ತಿ ವಾಪಸ್ ಬರಬೇಕು. ಆದಾಯ ಮೂರು ಲಕ್ಷ ದಾಟಿರುವುದರಿಂದ ರಿಟರ್ನ್ ಮಾತ್ರ ಕಡ್ಡಾಯ.

ನನ್ನ ಉಳಿತಾಯ ಖಾತೆಗೆ 4,000 ಬಡ್ಡಿ ಬಂದಿತ್ತು. ಫಾರ್ಮ್ 16ರಲ್ಲಿ ಅದು ಇರುವುದಿಲ್ಲ, ಎಐಎಸ್‌ನಲ್ಲಿ ಇದೆ. ಹೊಸ ಪದ್ಧತಿಯಲ್ಲಿ ಅದಕ್ಕೆ ವಿನಾಯಿತಿಯೂ ಇಲ್ಲ. ಸೇರಿಸಿ, 420 ರೂಪಾಯಿ ಕಟ್ಟಿ ಸಲ್ಲಿಸಿದೆ.

ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಕೂಡ ಮಾಡಿಬಿಟ್ಟೆ. ಮೂವತ್ತು ದಿನದೊಳಗೆ ಇದನ್ನು ಮಾಡದಿದ್ದರೆ ಸಲ್ಲಿಸಿದ ತಾರೀಖಿಗೆ ಬೆಲೆ ಇರುವುದಿಲ್ಲ. ಈ ವರ್ಷ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದಾರೆ. ದಾಟಿದರೆ ಆದಾಯ ಐದು ಲಕ್ಷದೊಳಗಿನವರಿಗೆ 1,000, ಮೇಲಿನವರಿಗೆ 5,000 ರೂಪಾಯಿ ತಡಶುಲ್ಕ.

ಜುಲೈ 15, ಮಂಗಳವಾರ

ಸುಳ್ಳು ವಿನಾಯಿತಿ ತೋರಿಸಿ ರೀಫಂಡ್ ಪಡೆದವರ ಮತ್ತು ಹಾಗೆ ಬರೆದುಕೊಟ್ಟವರ ಮೇಲೆ ಆದಾಯ ತೆರಿಗೆ ಇಲಾಖೆ ನಿನ್ನೆ ದೇಶದ ಹಲವೆಡೆ ಪರಿಶೀಲನೆ ಶುರು ಮಾಡಿದೆ. ಸ್ಟಾಫ್ ರೂಮಿನಲ್ಲಿ ಇಡೀ ದಿನ ಇದೇ ಮಾತು.

ಸಂಜೆ ಕಿರಿಯ ಸಹೋದ್ಯೋಗಿಯೊಬ್ಬರು ಮೆಲ್ಲಗೆ ಬಂದು ಮೊಬೈಲ್ ತೋರಿಸಿದರು. ರೀಫಂಡ್‌ನಲ್ಲಿ ಪಾಲು ಕೇಳುವ ಒಬ್ಬ ಏಜೆಂಟ್ ತುಂಬಿದ ರಿಟರ್ನ್ ಅದು. ಅವರು ರಾಜಕೀಯ ಪಕ್ಷಕ್ಕೆ ಕೊಡದೇ ಇದ್ದ ದೇಣಿಗೆ, ಮಾಡಿಸದೇ ಇದ್ದ ಆರೋಗ್ಯ ವಿಮೆ ಎರಡೂ ಅದರಲ್ಲಿದ್ದವು. "ನಾನು ಓಟಿಪಿ ಹೇಳಿದ್ದಷ್ಟೇ ಮೇಡಂ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ತಡೆಯಲಾರದಷ್ಟು ಸಿಟ್ಟು ಬಂದದ್ದು ಆ ಏಜೆಂಟನ ಮೇಲೆ. ಅವನು ಪಾಲು ತೆಗೆದುಕೊಂಡು ಹೋಗುತ್ತಾನೆ. ರಿಟರ್ನಿನ ಕೊನೆಯ ದೃಢೀಕರಣದಲ್ಲಿ ಇರುವುದು ಈ ಹುಡುಗಿಯ ಹೆಸರು. ಸುಳ್ಳು ಹೇಳಿ ಆದಾಯ ಕಡಿಮೆ ತೋರಿಸಿದರೆ, ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಹಾಕುವ ಅವಕಾಶ ಕಾನೂನಿನಲ್ಲಿದೆ. ತಿದ್ದಲು ದಾರಿಯೂ ಇದೆ: ಡಿಸೆಂಬರ್ 31ರ ತನಕ ಪರಿಷ್ಕೃತ ರಿಟರ್ನ್ ಸಲ್ಲಿಸಬಹುದು. ಇಬ್ಬರೂ ಕೂತು ಆ ಎರಡು ಸಾಲು ತೆಗೆದು, ಅವರ ಎದುರೇ ಸಲ್ಲಿಸಿದೆವು.

ಆಗಸ್ಟ್ 9, ಶನಿವಾರ

ಅಮ್ಮನ ಖಾತೆಗೆ 23,575 ಜಮೆಯಾಗಿದೆ. ಹೆಚ್ಚಿನ 575 ತಿಂಗಳಿಗೆ ಅರ್ಧ ಶೇಕಡಾದಂತೆ ಏಪ್ರಿಲ್‌ನಿಂದ ಐದು ತಿಂಗಳ ಬಡ್ಡಿ. ಮುಂದಿನ ವರ್ಷ ಇದನ್ನೂ ಆದಾಯವಾಗಿ ತೋರಿಸಬೇಕೆಂದು ಡೈರಿಯ ಮುಂಪುಟದಲ್ಲಿ ಬರೆದಿಟ್ಟೆ.

143(1)ರ ಸೂಚನಾ ಪತ್ರವೂ ಇಮೇಲ್‌ಗೆ ಬಂದಿದೆ. ನಾವು ಹೇಳಿದ ಅಂಕಿ ಒಂದು ಕಲಮಿನಲ್ಲಿ, ಬೆಂಗಳೂರಿನ ಸಂಸ್ಕರಣಾ ಕೇಂದ್ರ ಲೆಕ್ಕ ಹಾಕಿದ್ದು ಪಕ್ಕದ ಕಲಮಿನಲ್ಲಿ. ಸಾಲು ಸಾಲಿಗೂ ತಾಳೆಯಾಯಿತು. ಅಮ್ಮ ಎರಡು ಸಲ ಓದಿಸಿಕೊಂಡು, "ನಮ್ಮ ದುಡ್ಡು ನಮಗೆ ಬಂತು" ಎಂದರು. ರೀಫಂಡ್ ಎಂದರೆ ಅಷ್ಟೇ, ಅದು ಯಾರೋ ಕೊಟ್ಟ ಉಡುಗೊರೆಯಲ್ಲ.

ಈ ವರ್ಷ ಬಡ್ಡಿಯಲ್ಲಿ ಮೂಲದಲ್ಲೇ ತೆರಿಗೆ ಹಿಡಿಯುವ, ಅಂದರೆ ಟಿಡಿಎಸ್, ಮಿತಿ ಹಿರಿಯರಿಗೆ 50,000ದಿಂದ ಒಂದು ಲಕ್ಷಕ್ಕೆ ಏರಿದೆ. ಅಮ್ಮನ ಬಡ್ಡಿ ಎರಡೂ ಕಡೆ ಅದನ್ನು ದಾಟುತ್ತದೆ. ಹಾಗಾಗಿ ಬ್ಯಾಂಕಿಗೂ ಅಂಚೆ ಕಚೇರಿಗೂ ತೆರಿಗೆ ಹಿಡಿಯಬೇಡಿ ಎಂಬ 15ಎಚ್ ಘೋಷಣೆ ಕೊಟ್ಟು ಬಂದೆವು. ಒಟ್ಟು ತೆರಿಗೆ ಸೊನ್ನೆಯಾಗುವ, ಅರವತ್ತು ದಾಟಿದವರು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಇದನ್ನು ಕೊಡುವುದು ಒಳ್ಳೆಯದು.

ಆಗಸ್ಟ್ 23, ಶನಿವಾರ

ಹೊಸ ಆದಾಯ ತೆರಿಗೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. 1961ರ ಕಾಯ್ದೆಯ ಜಾಗದಲ್ಲಿ ಅದು 2026ರ ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆ. ಹಿಂದಿನ ವರ್ಷ, ನಿರ್ಧಾರಣಾ ವರ್ಷ ಎಂಬ ಎರಡರ ಬದಲು ಒಂದೇ ತೆರಿಗೆ ವರ್ಷ ಇರಲಿದೆ.

ಕಲಮುಗಳ ಸಂಖ್ಯೆ ಬದಲಾಗುತ್ತದೆ, ಮಿತಿಗಳೂ ಬದಲಾಗುತ್ತಲೇ ಇರುತ್ತವೆ. ನಮ್ಮ ಆದಾಯದ ಬಗ್ಗೆ ನಾವು ಕೊಡುವ ಹೇಳಿಕೆಯ ಹೊಣೆ ಮಾತ್ರ ನಮ್ಮದೇ. ಸೋಮವಾರ ಶಾಲೆಯಲ್ಲಿ ಇನ್ನೂ ಸಲ್ಲಿಸದವರಿಗೆಲ್ಲ ಇದನ್ನೇ ಹೇಳಬೇಕು: ಬೇಕಿದ್ದರೆ ಬೇರೆಯವರ ಕೈಲಿ ತುಂಬಿಸಿ, ಆದರೆ ಎಐಎಸ್ ನೀವೇ ಓದಿ, ಪ್ರತಿ ಸಾಲನ್ನೂ ನೋಡಿದ ಮೇಲೆಯೇ ಒಟಿಪಿ ಹೇಳಿ.