ಕಂಬಿಯಿಲ್ಲದ ಮೃಗಾಲಯ

ಜರ್ಮನಿಯ ಹ್ಯಾಂಬರ್ಗಿಗೆ ಹೋದರೆ ಹಾಗೆನ್‌ಬೆಕ್ ಮೃಗಾಲಯ ನೋಡದೆ ಬರಬೇಡಿ. ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ತೆರೆದದ್ದು. ಅಲ್ಲಿನ ಆಫ್ರಿಕದ ನೋಟವೇ ಸೊಗಸು! ಮುಂದೆ ಕೊಳದಲ್ಲಿ ಫ್ಲೆಮಿಂಗೋ, ಆಚೆ ಜೀಬ್ರಾ, ಉಷ್ಟ್ರಪಕ್ಷಿ, ಅವುಗಳ ಹಿಂದೆಯೇ ಸಿಂಹ. ನಡುವೆ ಕಂಬಿಯಿಲ್ಲ. "ಅಯ್ಯೋ, ನೆಗೆದು ಬಂದರೆ?" ಅಂತೀರಾ? ಸಿಂಹದ ನೆಗೆತ ಪರೀಕ್ಷಿಸಿಯೇ, ನಮ್ಮ ಕಣ್ಣಿಗೆ ಬೀಳದ ಹಾಗೆ ಕಂದಕ ತೋಡಿಸಿದ್ದಾರೆ.

ಹುಲ್ಲು ಮೇಯುವವೆಲ್ಲ ಒಂದೇ ಕಡೆ ಇದ್ದರೆ ಚಿಂತೆಯಿಲ್ಲವೆ? ಇದೆ ಕಣ್ರೀ! ಸಾಧುವಾಗಿ ಕಾಣುವ ಗಂಡು ಜೀಬ್ರಾ ಒಮ್ಮೊಮ್ಮೆ ಹುಲ್ಲೆಯ ಎಳೆಮರಿಯನ್ನು ಕಚ್ಚಿ, ತುಳಿದು ಕೊಲ್ಲುವುದುಂಟು. ಅದಕ್ಕೇ ಇಂಥ ಮಿಶ್ರ ಆವರಣ ಯೋಜಿಸುವವರು ಸಣ್ಣವು ಮಾತ್ರ ನುಸುಳುವಂಥ ಸಂದಿ, ದೂರದೂರ ಮೇವಿನ ತೊಟ್ಟಿ, ರಾತ್ರಿಗೆ ಬೇರೆ ಕೊಟ್ಟಿಗೆ ಏರ್ಪಡಿಸುತ್ತಾರೆ. ಜಿರಾಫೆಗೆ ಎತ್ತರದಲ್ಲೇ ಊಟ!

ಕೂಡುಕುಟುಂಬ ಕಂಡ ನಿಮಗೆ ಇದು ಹೊಸದಲ್ಲ. ಒಟ್ಟಿಗೆ ಬಾಳಬೇಕಾದರೆ ಚಿಕ್ಕವರಿಗೆ ಸರಿದು ನಿಲ್ಲಲು ಒಂದು ಮೂಲೆ ಬೇಕೇ ಬೇಕು.