ಪಿವಟ್ ಟೇಬಲ್ ಎಂಬ ಗೋಷ್ವಾರೆ

ಮುಂಬಯಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ದುಡಿದು, ಅಧಿಕಾರಿಯಾಗಿದ್ದಾಗಲೇ ಸ್ವಯಂ ನಿವೃತ್ತಿ ಪಡೆದು, ಈಗ ಠಾಣೆಯ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕೆಲಸಕ್ಕೆ ಸೇರುವಾಗ ಕೇಳಿದ ಪ್ರಶ್ನೆ ಒಂದೇ: 'ಪಿವಟ್ ಟೇಬಲ್ ಬರುತ್ತದೆಯೇ?' ಬಿ.ಕಾಂ. ಓದಿದವನನ್ನು ಡೆಬಿಟ್ ಕ್ರೆಡಿಟ್ ಬಗ್ಗೆ ಯಾರೂ ಕೇಳಲೇ ಇಲ್ಲ! ಬರುವುದಿಲ್ಲ, ಕಲಿಯುತ್ತೇನೆ ಎಂದೆ.

ಕಲಿಸಿದವಳು ನನ್ನ ಮಗಳ ವಯಸ್ಸಿನ ಮರಾಠಿ ಹುಡುಗಿ. 'ಕಾಕಾ, ಎಳೆದು ತಂದು ಬಿಟ್ಟರಾಯಿತು' ಎನ್ನುತ್ತಾ ಸರಬರಾಜುದಾರರ ಹೆಸರನ್ನು 'ರೋಸ್' ಚೌಕಕ್ಕೆ, ತಿಂಗಳನ್ನು 'ಕಾಲಮ್ಸ್'ಗೆ, ಬಾಕಿ ಮೊತ್ತವನ್ನು 'ವ್ಯಾಲ್ಯೂಸ್'ಗೆ ಎಳೆದಳು. ಆರು ಸಾವಿರ ಸಾಲುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಪುಟವಾದವು. ಅರೆ, ಇದು ನಮ್ಮ ಗೋಷ್ವಾರೆಯಲ್ಲವೇ! ಊರಿನ ಸೊಸೈಟಿಯಲ್ಲಿ ಗುಮಾಸ್ತರು ದೊಡ್ಡ ಹಾಳೆಗೆ ಗೆರೆ ಹಾಕಿ ಬಾಬುವಾರು ಬರೆಯುತ್ತಿದ್ದರಲ್ಲ, ಅದೇ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಾವೂ ಖಾತೆಗಳ ಬ್ಯಾಲೆನ್ಸ್ ಪಟ್ಟಿ ಮಾಡಿ, ಕೂಡಿ, ಜನರಲ್ ಲೆಡ್ಜರ್ ಜೊತೆ ತಾಳೆ ನೋಡುತ್ತಿದ್ದೆವು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿಯ ಕಡೆಯ ಲೋಕಲ್ ಹೊತ್ತಿನವರೆಗೂ ಹುಡುಕಾಟ.

ಹಾಗೆ ನೋಡಿದರೆ ಪಿವಟ್ ಹೊಸತೇನೂ ಅಲ್ಲ. 1991ರಲ್ಲಿ ಬಂದ ಲೋಟಸ್ ಕಂಪನಿಯ ಇಂಪ್ರಾವ್ ತಂತ್ರಾಂಶದಲ್ಲೇ ಈ ವಿಚಾರವಿತ್ತು. ಪಿಟೋ ಸಾಲಾಸ್ ಎಂಬುವರು ಅದರ ಮೂಲಪುರುಷ. 1993ರ ಎಕ್ಸೆಲ್ 5ರಲ್ಲಿ ಅದು 'ಪಿವಟ್ ಟೇಬಲ್' ಆಯಿತು. ಆ ಕಾಲದಲ್ಲಿ ನಾವಿನ್ನೂ ದಪ್ಪ ಲೆಡ್ಜರುಗಳನ್ನು ಹೊರುತ್ತಿದ್ದೆವು, ಅಷ್ಟೇ.

ಕೂಡುವ ಶ್ರಮವೇನೋ ಹೋಯಿತು. ತಾಳೆ ನೋಡುವ ಕೆಲಸ ಹೋಗಿಲ್ಲ. ಕಳೆದ ತಿಂಗಳ ಮಾತು ಕೇಳಿ. ನಮಗೆ ರಟ್ಟಿನ ಡಬ್ಬ ಮಾಡಿಕೊಡುವ ಪುಟ್ಟ ಘಟಕವೊಂದಿದೆ. ಅದರ ಯಜಮಾನರು ವಾರವಾರವೂ ಬಂದು ಬಾಗಿಲ ಬಳಿ ಕುಳಿತು ಹೋಗುತ್ತಿದ್ದರು. 'ಬಾಕಿ ಸೊನ್ನೆ ತೋರಿಸುತ್ತಿದೆ' ಎಂಬುದು ಪೇಮೆಂಟ್ ನೋಡುವವರ ಉತ್ತರ. ಪಿವಟ್ ಮಾಡಿದಾಗ ಅವರ ಹೆಸರು ಎರಡು ಸಲ ಬಂತು! ಒಂದರ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ. ಎಕ್ಸೆಲ್‌ಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಒಬ್ಬರ ಬಾಕಿ ಸೊನ್ನೆ, ಇನ್ನೊಬ್ಬರದು 84,000 ರೂಪಾಯಿ. ಆ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದರ ಹಿಂದಿನ ಬಿಲ್ಲುಗಳೆಲ್ಲ ಹೊಸ ಹಾಳೆಯಲ್ಲಿ ಬಂದವು. ಎರಡು ತಿಂಗಳು ದಾಟಿದ್ದವು. ಇಂಥ ಸಣ್ಣ ಘಟಕಗಳಿಗೆ 2006ರ ಕಾಯಿದೆಯಂತೆ, ಕರಾರು ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕಿಂತ ಹೆಚ್ಚಾಗಿ, ಆ ಹಣ ಅಲ್ಲಿನ ನಾಲ್ಕಾರು ಕೆಲಸಗಾರರ ಸಂಬಳ. ಅದೇ ವಾರ ಹಣ ಹೋಯಿತು.

ನನ್ನ ವಯಸ್ಸಿನವರು ಇದನ್ನು ಕಲಿಯಲು ಹೆದರಬೇಕಿಲ್ಲ. ಮೂರು ವಿಷಯ ನೆನಪಿಡಿ. ಹೆಸರುಗಳ ಕಾಲಮ್ಮಿಗೆ ಮೊದಲು ಟ್ರಿಮ್ ಫಾರ್ಮುಲಾ ಹಾಕಿ. ಮೊತ್ತದ ಜಾಗದಲ್ಲಿ 'ಸಮ್' ಬದಲು 'ಕೌಂಟ್' ಬಂದಿದ್ದರೆ ಅಂಕಿಗಳ ನಡುವೆ ಖಾಲಿ ಮನೆಯೋ ಅಕ್ಷರವೋ ಸೇರಿದೆಯೇ ನೋಡಿ. ಮೂಲ ಪಟ್ಟಿ ತಿದ್ದಿದ ಮೇಲೆ ರಿಫ್ರೆಶ್ ಒತ್ತಿ, ಕೊನೆಯ ಗ್ರ್ಯಾಂಡ್ ಟೋಟಲ್ಲನ್ನು ಲೆಡ್ಜರ್ ಜೊತೆ ತಾಳೆ ನೋಡಿ. ಈ ಮೂರನೆಯದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ, ಅಲ್ಲವೇ?