ಸಂಖ್ಯೆಯಿಂದ ಸಹಿಯವರೆಗೆ: ಮಾರಿಷಸ್ ಕಥೆ



ವಸಾಹತುಗಳ ಇತಿಹಾಸವನ್ನು ಪಾಠ ಮಾಡುವಾಗ ನಾವು ಮೂಲನಿವಾಸಿಗಳು, ಹೊರಗಿನಿಂದ ಬಂದವರು ಎಂದು ಎರಡು ಪಂಗಡ ಮಾಡಿಕೊಳ್ಳುವುದು ರೂಢಿ. ಹಿಂದೂ ಮಹಾಸಾಗರದ ಪುಟ್ಟ ರಾಷ್ಟ್ರ ಮಾರಿಷಸ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮೂಲನಿವಾಸಿಗಳೇ ಇರಲಿಲ್ಲ. ಎಲ್ಲರೂ ಹಡಗಿನಿಂದ ಇಳಿದವರೇ. ಆದರೆ ಎಲ್ಲರೂ ಒಂದೇ ಬಗೆಯಲ್ಲಿ ಇಳಿಯಲಿಲ್ಲ.

ಡಚ್ಚರು 1598ರಲ್ಲಿ ಬಂದು ತಮ್ಮ ರಾಜಕುಮಾರ ಮಾರಿಟ್ಸ್‌ನ ಹೆಸರನ್ನು ದ್ವೀಪಕ್ಕಿಟ್ಟರು. 1638ರಲ್ಲಿ ನೆಲೆಯೂರಿದರು. ಕರಿಮರದ ಕಾಡು ಕಡಿದರು, ಕಬ್ಬನ್ನು ತಂದರು. ಅವರ ಕಾಲದಲ್ಲಿಯೇ ಹಾರಲಾರದ ಡೋಡೋ ಹಕ್ಕಿ ಅಳಿದುಹೋಯಿತು. 1710ರಲ್ಲಿ ಅವರೂ ಹೊರಟುಹೋದರು. 1715ರಲ್ಲಿ ಫ್ರೆಂಚರು ದ್ವೀಪವನ್ನು ವಶಪಡಿಸಿಕೊಂಡು ‘ಇಲ್ ದ ಫ್ರಾನ್ಸ್’ ಎಂದು ಕರೆದರು. ಆಫ್ರಿಕಾ ಮತ್ತು ಮಡಗಾಸ್ಕರ್‌ಗಳಿಂದ ಗುಲಾಮರನ್ನು ತಂದು ತೋಟಗಳನ್ನು ಬೆಳೆಸಿದರು.

ಕರ್ನಾಟಕ ಯುದ್ಧಗಳ ಪಾಠ ನಿಮಗೆ ನೆನಪಿದೆಯೇ? 1746ರಲ್ಲಿ ಮದರಾಸನ್ನು ಗೆದ್ದ ಲಾ ಬೂರ್ದೊನೆ ಈ ದ್ವೀಪದ ಗವರ್ನರನೇ. ನಮ್ಮ ಟಿಪ್ಪುವಿನ ದೂತರು 1798ರಲ್ಲಿ ಸೈನಿಕ ನೆರವು ಕೋರಿ ಹೋದದ್ದೂ ಇಲ್ಲಿಗೇ. ಗುಟ್ಟಾಗಿರಬೇಕಿದ್ದ ಸಂಗತಿಯನ್ನು ಗವರ್ನರ್ ಮಲಾರ್ತಿಕ್ ಬಹಿರಂಗವಾಗಿ ಸಾರಿಬಿಟ್ಟ. ಮಂಗಳೂರಿಗೆ ಬಂದಿಳಿದವರು ನೂರಕ್ಕಿಂತ ಕಡಿಮೆ. ಆದರೆ ಶ್ರೀರಂಗಪಟ್ಟಣದ ಮೇಲೇರಿ ಬರಲು ವೆಲ್ಲೆಸ್ಲಿಗೆ ಅಷ್ಟೇ ನೆಪ ಸಾಕಾಯಿತು.

1810ರಲ್ಲಿ ದ್ವೀಪ ಬ್ರಿಟಿಷರ ಕೈಸೇರಿತು. ಫ್ರೆಂಚ್ ತೋಟದೊಡೆಯರ ಆಸ್ತಿ, ಭಾಷೆ, ಕಾನೂನುಗಳಿಗೆ ಅವರು ಕೈಹಚ್ಚಲಿಲ್ಲ. 1835ರಲ್ಲಿ ಗುಲಾಮಗಿರಿ ರದ್ದಾದಾಗ ಪರಿಹಾರ ದೊರೆತದ್ದೂ ಒಡೆಯರಿಗೇ, ಗುಲಾಮರಿಗಲ್ಲ. ಬಿಡುಗಡೆಯಾದವರ ಜಾಗ ತುಂಬಲು 1834ರಿಂದಲೇ ಭಾರತದಿಂದ ಕರಾರು ಕೂಲಿಗಳು ಬರತೊಡಗಿದ್ದರು. ಮುಂದಿನ ಮುಕ್ಕಾಲು ಶತಮಾನದಲ್ಲಿ ಸುಮಾರು 4.5 ಲಕ್ಷ ಜನ ಬಂದರು. ಪೋರ್ಟ್ ಲೂಯಿ ಬಂದರಿನ ಹದಿನಾರು ಕಲ್ಲುಮೆಟ್ಟಿಲುಗಳನ್ನು ಹತ್ತಿದ ಪ್ರತಿಯೊಬ್ಬರಿಗೂ ದಫ್ತರದಲ್ಲಿ ಒಂದು ಸಂಖ್ಯೆ. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿ ಕಡಿತ. ಆ ‘ಆಪ್ರವಾಸಿ ಘಾಟ್’ 2006ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳುವಾಗ ಗಾಂಧೀಜಿ ಇಲ್ಲಿ ಕೆಲವು ದಿನ ತಂಗಿದ್ದರು. 1907ರಲ್ಲಿ ಬಂದ ವಕೀಲ ಮಣಿಲಾಲ್ ಡಾಕ್ಟರ್ ಕೂಲಿಗಳ ಪರವಾಗಿ ನ್ಯಾಯಾಲಯದಲ್ಲಿ ನಿಂತರು. ಆದರೂ ಶಿಕ್ಷಕನಾದ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು 1948ರ ಚುನಾವಣೆ. ಅಲ್ಲಿಯವರೆಗೆ ಮತ ಆಸ್ತಿವಂತರ ಸೊತ್ತು. ಹೊಸ ಸಂವಿಧಾನವು ದ್ವೀಪದ ಯಾವುದಾದರೊಂದು ಭಾಷೆಯಲ್ಲಿ ಸರಳವಾಗಿ ಓದಿ ಬರೆಯಬಲ್ಲವರಿಗೆಲ್ಲ ಮತದ ಹಕ್ಕು ಕೊಟ್ಟಿತು. ಊರೂರುಗಳ ಬೈಠಕ್‌ಗಳಲ್ಲಿ ಸಂಜೆಪಾಠ ನಡೆಯಿತು. ಬಾಸದೇವ್ ವಿಷ್ಣುದಯಾಳ್ ಮತ್ತು ಅವರ ಸಂಗಡಿಗರು ಕಬ್ಬಿನ ಗದ್ದೆಯಿಂದ ಬಂದವರಿಗೆ ಅಕ್ಷರ ಕಲಿಸಿದರು. ಸುಮಾರು 12 ಸಾವಿರವಿದ್ದ ಮತದಾರರ ಸಂಖ್ಯೆ 70 ಸಾವಿರವನ್ನು ದಾಟಿತು.

ಸಾಕ್ಷರತಾ ಆಂದೋಲನದ ದಿನಗಳಲ್ಲಿ ರಾತ್ರಿ ತರಗತಿ ನಡೆಸಿದವನು ನಾನು. ದಿನವಿಡೀ ದುಡಿದ ಕೈಗೆ ಬಳಪ ಎಷ್ಟು ಭಾರವೆಂಬುದನ್ನು ಕಂಡಿದ್ದೇನೆ. ತನ್ನ ಹೆಸರನ್ನು ತಾನೇ ಬರೆದ ಮುದುಕಿಯೊಬ್ಬಳು ಸ್ಲೇಟನ್ನು ಒರೆಸಲು ಬಿಡದೆ ಮನೆಗೆ ಒಯ್ದಿದ್ದಳು. ಆದ್ದರಿಂದಲೇ ಮಾರಿಷಸ್ಸಿನ ಸ್ವಾತಂತ್ರ್ಯ ಅಂದಿನ ಸ್ಲೇಟುಗಳ ಮೇಲೆ ಆರಂಭವಾಯಿತೆಂದು ನಾನು ನಂಬುತ್ತೇನೆ. ಸಂಖ್ಯೆಯಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಸಹಿಯಾದರು.

ಮುಂದೆ 1959ರಲ್ಲಿ ವಯಸ್ಕರೆಲ್ಲರಿಗೂ ಮತ ದೊರೆಯಿತು. ಬಿಹಾರದಿಂದ ಕೂಲಿಯಾಗಿ ಬಂದವರ ಮಗ, ವೈದ್ಯ ಶಿವಸಾಗರ ರಾಮಗುಲಾಮ್ ಸ್ವಾತಂತ್ರ್ಯದ ಪಕ್ಷಗಳನ್ನು ಮುನ್ನಡೆಸಿದರು. ಆದರೆ ಎಲ್ಲರೂ ಸ್ವಾತಂತ್ರ್ಯವನ್ನು ಬಯಸಿದ್ದರೆಂದು ತಿಳಿಯಬೇಡಿ. 1967ರ ಚುನಾವಣೆಯಲ್ಲಿ ಶೇಕಡಾ 44ರಷ್ಟು ಮತ ವಿರೋಧ ಪಕ್ಷಕ್ಕೆ ಹೋಯಿತು. ಬಹುಸಂಖ್ಯಾತರ ಆಳ್ವಿಕೆಯಲ್ಲಿ ತಮ್ಮ ಗತಿಯೇನೆಂಬ ಭಯ ಗುಲಾಮರ ಸಂತತಿಯವರಲ್ಲಿತ್ತು. 1968ರ ಜನವರಿಯಲ್ಲಿ ರಾಜಧಾನಿಯಲ್ಲಿ ಗಲಭೆಗಳಾದವು. ದಂಡಿಯಾತ್ರೆ ಹೊರಟ ದಿನವಾದ ಮಾರ್ಚ್ 12ರಂದು, ಅದೇ ವರ್ಷ, ದೇಶ ಸ್ವತಂತ್ರವಾಯಿತು. ಮರುವರ್ಷವೇ ರಾಮಗುಲಾಮ್ ಅವರು ವಿರೋಧಿ ನಾಯಕ ಗೇತಾನ್ ದ್ಯೂವಾಲ್ ಅವರನ್ನು ಸರ್ಕಾರಕ್ಕೆ ಕರೆತಂದರು. ಗೆದ್ದವರು ಸೋತವರಿಗೆ ಮಣೆ ಹಾಕಿದ ಈ ನಡೆಯನ್ನು ನಾನು ಸ್ವಾತಂತ್ರ್ಯದಷ್ಟೇ ದೊಡ್ಡದೆಂದು ಎಣಿಸುತ್ತೇನೆ.

ಈ ಕಥೆಗೆ ನೋವಿನ ಇನ್ನೊಂದು ಪುಟವಿದೆ. ಸ್ವಾತಂತ್ರ್ಯಕ್ಕೆ ಮುನ್ನ, 1965ರಲ್ಲಿ, ಬ್ರಿಟನ್ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ನಿಂದ ಬೇರ್ಪಡಿಸಿತು. ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗಾಗಿ 1973ರೊಳಗೆ ಅಲ್ಲಿನ ಜನರನ್ನೆಲ್ಲ ಹೊರಹಾಕಲಾಯಿತು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಆ ಬೇರ್ಪಡೆಯನ್ನು ಕಾನೂನುಬಾಹಿರವೆಂದು ಅಭಿಪ್ರಾಯಪಟ್ಟಿತು. 2025ರ ಮೇ ತಿಂಗಳಲ್ಲಿ ಎರಡು ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿದಾಗಲೂ ತಮ್ಮನ್ನು ಯಾರೂ ಕೇಳಲಿಲ್ಲವೆಂದು ಹಲವು ಚಾಗೋಸಿಗರು ದುಃಖಿಸಿದರು.

ಮನೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವಾಗ ಯಾರು ಗೆದ್ದರು, ಯಾವ ಇಸವಿ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಸಿರಿ: ಆ ಕಾಗದದ ಮೇಲೆ ಯಾರ ಸಹಿ ಇರಲಿಲ್ಲ?